ಗೋವಾ ಸ್ಟೀಮರಿನಲ್ಲಿ ಕಟ್ಟಿದ ಜೋಲಿ

ಮಗುವನ್ನು ಮೊದಲ ಸಲ ತೂಗಿದ್ದು ಬಟಾಟೆ ತೂಗುವ ತಕ್ಕಡಿಯಲ್ಲಿ. 1978ರ ಡಿಸೆಂಬರ್ ಇಪ್ಪತ್ತಮೂರು, ಬೆಳಿಗ್ಗೆ ಹತ್ತು ಗಂಟೆ. ಜಾಗ, ಡೊಂಬಿವಲಿ ಸ್ಟೇಷನ್ನಿನ ಎದುರು ಇದ್ದ ಒಂದು ಉಡುಪಿ ಹೋಟೆಲಿನ ಹಿಂದಿನ ಉಗ್ರಾಣ. ತೂಗಿದವನು ಅಡುಗೆಯ ಯಜ್ಞೇಶ್ವರ. ಒಂದು ತಟ್ಟೆಯಲ್ಲಿ ಮಡಿಸಿದ ಟವೆಲಿನ ಮೇಲೆ ಐದು ತಿಂಗಳ ಜಯಶೀಲ ಬರಿಮೈಯಲ್ಲಿ ಮಲಗಿ, ಸೂರಿನಿಂದ ಇಳಿಬಿಟ್ಟಿದ್ದ ಬಾಳೆಗೊನೆಯನ್ನು ನೋಡುತ್ತಿದ್ದಳು. ಸೊಂಟಕ್ಕೆ ಬೆಳ್ಳಿಯ ಉಡಿದಾರ, ಕೈಗೆ ಕಡಗ, ಕಾಲಿಗೆ ಗೆಜ್ಜೆ. ಮೈಮೇಲೆ ಇದ್ದದ್ದು ಇಷ್ಟೇ. ಇನ್ನೊಂದು ತಟ್ಟೆಗೆ ಐದು ಕಿಲೋದ ಕಲ್ಲು ಬಿತ್ತು, ಮೇಲೆ ಒಂದು ಕಿಲೋದ್ದು, ಕೊನೆಗೆ ಇನ್ನೂರು ಗ್ರಾಮಿನದು. ಮುಳ್ಳು ನಡುವೆ ನಿಂತಿತು.

"ಆರು ಕಿಲೋ ಇನ್ನೂರು. ಬರ್ಕೊಳ್ಳಿ ಟೀಚರೇ" ಎಂದ ಯಜ್ಞೇಶ್ವರ. "ಈ ತಕ್ಕಡಿ ಇನ್‌ಸ್ಪೆಕ್ಟರ್ ಬಂದ ದಿವಸವೂ ಸುಳ್ಳು ಹೇಳಿದ್ದಿಲ್ಲ."

"ಬಾರದ ದಿವಸ?" ಎಂದು ಕೇಳಿದರು ಮಗುವಿನ ಅಜ್ಜಿ ವಸಂತಿಯಮ್ಮ.

ನಾನು ಬರೆದುಕೊಂಡೆ. ಹಾಲು ಕುಡಿಸುವ ಮೊದಲು, ಹಸಿರು ಅಂಚಿನ ಟವೆಲು, ಬೆಳಿಗ್ಗೆ ಹತ್ತು. ಬಯಲುಸೀಮೆಯ ಕಡೆಯಿಂದ ಬಂದವಳು ನಾನು, ಆಗ ಕಲ್ಯಾಣದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅಳತೆಯ ವಿಷಯದಲ್ಲಿ ನನ್ನನ್ನು ನಂಬಬಹುದೆಂದು ಅತ್ತೆ, ಸೊಸೆ ಇಬ್ಬರೂ ಒಪ್ಪಿದ್ದರು. ಅವರಿಬ್ಬರು ಒಪ್ಪಿದ್ದ ಇನ್ನೊಂದು ಮಾತು ಇದು: ಆರು ದಿನ ಕಳೆದು ಇದೇ ತಕ್ಕಡಿಯಲ್ಲಿ ತೂಗಿದಾಗ ಮಗುವಿನ ತೂಕ ಇಳಿದಿದ್ದರೆ ವಸಂತಿಯಮ್ಮ ಅದನ್ನು ಊರಿಗೆ ಕರೆದುಕೊಂಡು ಹೋಗುತ್ತಾರೆ. ಇಳಿಯದಿದ್ದರೆ ಅದು ಡೊಂಬಿವಲಿಯಲ್ಲಿ ತಾಯಿಯ ಹತ್ತಿರವೇ ಬೆಳೆಯುತ್ತದೆ.

ತಾಯಿ ವಾರಿಜಾ ನಮ್ಮ ಚಾಳಿನಲ್ಲಿ ನನ್ನ ಪಕ್ಕದ ಖೋಲಿಯವಳು. ನಡುವೆ ಒಂದೇ ಗೋಡೆ. ಬ್ರಹ್ಮಾವರದ ಕಡೆಯ ಹುಡುಗಿ. ಹದಿನೈದು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವಳು. ಎಸ್‌ಎಸ್‌ಎಲ್‌ಸಿ ಮುಗಿಸಿ ಮುಂಬಯಿಗೆ ಬಂದು ಠಾಣೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದಳು. ಮದುವೆಯಾದದ್ದು ರಮಾಕಾಂತನನ್ನು. ಅವನು ಆ ಹೋಟೆಲಿನ ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಹಿಂದೆ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕೂರುವ ಸಭ್ಯ ಮನುಷ್ಯ. ವಾದ ಬಂದಾಗ ಚಿಲ್ಲರೆ ಎಣಿಸುತ್ತಾನೆ, ಚಿಲ್ಲರೆ ಇಲ್ಲದಿದ್ದರೂ.

ನೌಕರಿಯಲ್ಲಿದ್ದ ಹೆಂಗಸರ ಮಕ್ಕಳನ್ನು ಊರಿಗೆ ಕಳಿಸುವುದು ಆಗ ಮುಂಬಯಿಯ ಕನ್ನಡದವರಲ್ಲಿ ನಡೆದುಬಂದ ಕ್ರಮ. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಊರಿನಿಂದ ಒಬ್ಬ ಅಜ್ಜಿ ಬರುತ್ತಿದ್ದಳು. ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದಳು. ಐದು ವರ್ಷ ತುಂಬಿದಾಗ ಶಾಲೆಗೆಂದು ತಂದು ಬಿಡುತ್ತಿದ್ದಳು. ಯಾರೂ ಇದನ್ನು ಕ್ರೌರ್ಯ ಎನ್ನುತ್ತಿರಲಿಲ್ಲ, ಅನುಕೂಲ ಎನ್ನುತ್ತಿದ್ದರು. ನಮ್ಮ ಚಾಳಿನಲ್ಲೇ ಅಂಥ ನಾಲ್ಕು ಮಕ್ಕಳಿದ್ದವು. ಅವುಗಳಲ್ಲಿ ಒಂದು ಬಂದ ಹೊಸದರಲ್ಲಿ ತನ್ನ ತಾಯಿಯನ್ನು "ನೀವು" ಎಂದು ಕರೆಯುತ್ತಿತ್ತು. ಅದನ್ನು ವಾರಿಜಾ ಕೇಳಿದ್ದಳು.

ವಸಂತಿಯಮ್ಮ ಡಿಸೆಂಬರ್ ಮೊದಲ ವಾರ ಬಂದಿಳಿದರು. ಕೈಯಲ್ಲಿ ಎರಡು ಪೆಟ್ಟಿಗೆ. ಒಂದು ತುಂಬಿತ್ತು, ಇನ್ನೊಂದು ಖಾಲಿ. ಖಾಲಿಯದು ಮಗುವಿನ ಬಟ್ಟೆಗೆ. ವಾರಿಜಾ ಜನವರಿ ಒಂದಕ್ಕೆ ಕೆಲಸಕ್ಕೆ ಹಾಜರಾಗಬೇಕಿತ್ತು.

"ಕೆಳಗಿನ ಮಹಡಿಯ ಚಂದ್ರಬಾಯಿ ಹಗಲು ನೋಡಿಕೊಳ್ತಾರೆ ಅತ್ತೆ. ನಾನು ಮಾತಾಡಿ ಆಗಿದೆ" ಎಂದಳು ವಾರಿಜಾ. ಚಂದ್ರಬಾಯಿ ಮೂರು ಮಕ್ಕಳನ್ನು ಬೆಳೆಸಿದ ವಿಧವೆ. ಒರಟು ಮಾತು, ಶುಚಿಯಾದ ಮನೆ.

"ಹಗಲಿಗೆ ಅವಳು. ಬೆಳಿಗ್ಗೆಗೆ, ಸಂಜೆಗೆ? ನಿನ್ನಿಂದಾಗುದಿಲ್ಲ ಮಾರಾಯ್ತಿ. ಆ ಟ್ರೈನಿನಲ್ಲಿ ಹೋಗಿ ಬಂದವಳ ಮೈಯಲ್ಲಿ ಎಂತ ಉಳಿತದೆ, ಮಗುವಿಗೆ ಕೊಡ್ಲಿಕ್ಕೆ?"

"ಆಗ್ತದೆ."

"ತಾಯಿ ಇಲ್ಲದೆ ಬೆಳೆದವಳು ನೀನು. ಬಾಣಂತನಕ್ಕೂ ಊರಿಗೆ ಬರಲಿಲ್ಲ. ಶಿಶುವನ್ನು ಸಾಕುದು ನಿನಗೆ ಯಾರು ಹೇಳಿಕೊಟ್ಟದ್ದು?"

ಗೋಡೆಯ ಈಚೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದ ನನಗೆ ಇದೆಲ್ಲ ಕೇಳಿಸಿತು. ಆ ಕೊನೆಯ ಮಾತಿಗೆ ವಾರಿಜಾ ಮರುದಿನ ಬೆಳಿಗ್ಗೆ ಉತ್ತರ ಕೊಟ್ಟಳು, ಅದೂ ಯಾರೂ ನಿರೀಕ್ಷಿಸದ ರೀತಿಯಲ್ಲಿ. ಬಂದ ಏಳು ವರ್ಷಗಳಲ್ಲಿ ದಿನವೂ ಪಣಜಿಗೆ ಟ್ರಂಕ್ ಕಾಲ್ ಜೋಡಿಸಿ ಕೊಟ್ಟಿದ್ದೇನೆ, ಪಣಜಿ ನೋಡಿಲ್ಲ, ಎಂದಳು. ರಜೆ ಎಂದು ಒಂದು ದಿನ ಎಲ್ಲಿಗೂ ಹೋಗಿಲ್ಲ. ಕ್ರಿಸ್‌ಮಸ್ ವಾರದಲ್ಲಿ ಗೋವಾ ಸ್ಟೀಮರಿನಲ್ಲಿ ಹೋಗಿ ಬರುತ್ತೇನೆ, ಮಗುವನ್ನು ಕರೆದುಕೊಂಡೇ.

"ಐದು ತಿಂಗಳ ಮಗುವನ್ನು ಹಡಗಿನಲ್ಲಿ!" ವಸಂತಿಯಮ್ಮನ ಧ್ವನಿ ಎರಡು ಮಹಡಿಗೆ ಕೇಳಿಸಿತು. "ಉಪ್ಪುಗಾಳಿಗೆ ಕಫ ಕಟ್ಟಿದರೆ? ರಮಾಕಾಂತ, ನೀನು ಎಂತದಾದ್ರೂ ಹೇಳ್ತಿಯಾ?"

ರಮಾಕಾಂತ ಜೇಬಿನ ಚಿಲ್ಲರೆ ತೆಗೆದ.

"ನೀವೂ ಬನ್ನಿ ಅತ್ತೆ" ಎಂದಳು ವಾರಿಜಾ. "ಆದರೆ ಆರು ದಿವಸ ನೀವು ಮಗುವನ್ನು ಮುಟ್ಟುವ ಹಾಗಿಲ್ಲ. ಎತ್ತುವ ಹಾಗಿಲ್ಲ, ತೂಗುವ ಹಾಗಿಲ್ಲ. ನಾನೊಬ್ಬಳೇ. ಹೋಗುವ ಮೊದಲು ತೂಕ ನೋಡುವ, ಬಂದ ಮೇಲೆ ನೋಡುವ. ಹಡಗಿನಲ್ಲಿ ಸಾಕಿದವಳಿಗೆ ಡೊಂಬಿವಲಿಯಲ್ಲಿ ಸಾಕುದು ದೊಡ್ಡದಾ?"

ಖಚಿತವಾಗಿ ಗೆಲ್ಲುತ್ತೇನೆಂದು ತಿಳಿದವರು ಒಪ್ಪುವ ಹಾಗೆ ವಸಂತಿಯಮ್ಮ ಒಪ್ಪಿದರು. ಸಾಕ್ಷಿಗೆ ನನ್ನನ್ನು ಕರೆದರು. ನನಗೂ ಕಾಲೇಜಿಗೆ ರಜೆ ಇತ್ತು, ನಾನೂ ಸ್ಟೀಮರ್ ಹತ್ತಿರಲಿಲ್ಲ.

ಇಪ್ಪತ್ತನಾಲ್ಕರ ಬೆಳಿಗ್ಗೆ ಐದೂವರೆಯ ಲೋಕಲ್ ಹಿಡಿದು ನಾವು ಮೂವರು ಹೆಂಗಸರು ಮತ್ತು ಮಗು ಮಸೀದ್ ಬಂದರಿನಲ್ಲಿ ಇಳಿದೆವು. ಅಲ್ಲಿಂದ ಟ್ಯಾಕ್ಸಿಯಲ್ಲಿ ಹಡಗುಕಟ್ಟೆಗೆ, ಭಾವೂಚಾ ಧಕ್ಕಾಕ್ಕೆ. ಧಕ್ಕೆಯ ತುಂಬ ಟ್ರಂಕು, ಹಾಸಿಗೆಯ ಸುರುಳಿ, ಕೋಳಿಬುಟ್ಟಿ, ರಜೆಗೆ ಊರಿಗೆ ಹೊರಟ ಗೋವೆಯವರು, ರತ್ನಾಗಿರಿಯವರು. ಜನರ ನೂಕಾಟ ನೋಡಿ ವಸಂತಿಯಮ್ಮನಿಗೆ ಕಳ್ಳರ ನೆನಪಾಯಿತು.

"ಮಗುವಿನ ಬೆಳ್ಳಿ ತೆಗಿ. ಈ ಜಾತ್ರೆಯಲ್ಲಿ ಕಾಲು ಸಮೇತ ಹೋದೀತು" ಎಂದರು.

ಉಡಿದಾರ, ಕಡಗ, ಗೆಜ್ಜೆಗಳನ್ನು ವಾರಿಜಾ ಬಿಚ್ಚಿಕೊಟ್ಟಳು. ವಸಂತಿಯಮ್ಮ ಅವನ್ನು ಕರವಸ್ತ್ರದಲ್ಲಿ ಕಟ್ಟಿ ಸೊಂಟದ ಒಳಗಂಟಿಗೆ ಸಿಕ್ಕಿಸಿ, ಮೇಲೆ ಸೆರಗು ಬಿಗಿದರು. "ಇದು ಮುಟ್ಟಿದ ಹಾಗೆ ಲೆಕ್ಕವಾ ಟೀಚರೇ?" ಎಂದು ನನ್ನನ್ನು ಕೇಳಿದರು.

"ಇಲ್ಲ ಬಿಡ್ರಿ, ಬೆಳ್ಳಿ ಮುಟ್ಟೀರಿ, ಕೂಸಿನ್ನಲ್ಲ" ಎಂದೆ.

ಸ್ಟೀಮರಿನ ಮೇಲಿನ ಡೆಕ್ಕಿನಲ್ಲಿ ಜಾಗ ಹಿಡಿಯುವುದಕ್ಕೆ ಒಂದೇ ಕಾನೂನು: ಯಾರ ಚಾದರ ಮೊದಲು ಬಿತ್ತೋ ನೆಲ ಅವರದು. ಬೇರೆಯವರೆಲ್ಲ ಗೋಡೆಯ ಮಗ್ಗುಲಿಗೆ ಓಡಿದರು. ವಾರಿಜಾ ಓಡಲಿಲ್ಲ. ಕುತ್ತಿಗೆ ಎತ್ತಿ ಮೇಲೆ ನೋಡುತ್ತ ನಡೆದು, ಬಿಸಿಲಿಗೆ ಕಟ್ಟಿದ ತಾಡಪತ್ರಿಯನ್ನು ಹೊತ್ತ ಕಬ್ಬಿಣದ ಕಂಬಿಯೊಂದರ ಕೆಳಗೆ ಚಾದರ ಹಾಸಿದಳು. ಚೀಲದಿಂದ ಹಳೆಯ ನೂಲಿನ ಸೀರೆ ತೆಗೆದು ಎರಡು ಮಡಿಕೆ ಮಾಡಿ ಕಂಬಿಗೆ ಕಟ್ಟಿದಳು. ಜೋಲಿ ಸಿದ್ಧವಾಯಿತು. ಮನೆಯಲ್ಲಿ ಮಗು ಮಲಗುತ್ತಿದ್ದದ್ದು ಅದೇ ಸೀರೆಯಲ್ಲಿ.

ಹಡಗು ಹತ್ತು ಗಂಟೆಗೆ ಹೊರಟಿತು. ಹತ್ತೂಕಾಲಿಗೆ ಹಡಗಿನ ಆಳು, ಬಿಳಿ ಗಡ್ಡದ ಒಬ್ಬ ಖಲಾಸಿ, ಬಂದು ಜೋಲಿ ಬಿಚ್ಚಲು ಹೇಳಿದ.

"ಓ ಬಾಯಿ, ಯೇ ಝೂಲಾ ನಿಕಾಲೋ. ಇಧರ್ ಅಲೌಡ್ ನಹೀ."

ವಾರಿಜಾ ಎಕ್ಸ್‌ಚೇಂಜಿನಲ್ಲಿ ದಿನಕ್ಕೆ ಇನ್ನೂರು ಸಿಟ್ಟಿನ ಗಿರಾಕಿಗಳೊಡನೆ ಮಾತನಾಡುವವಳು. ಧ್ವನಿ ಏರಿಸದೆ, ನೀವು ಎಲ್ಲಿ ಮಲಗುತ್ತೀರಿ ಎಂದು ಕೇಳಿದಳು. "ಚಾಚಾ, ಆಪ್ ಕಿಧರ್ ಸೋತೇ ಹೈ?"

"ನೀಚೆ. ಹಮಾರೇ ಝೋಲೇ ಮೇ" ಎಂದ ಅವನು, ಕೆಳಗೆ ತಾವು ಮಲಗುವುದೂ ಜೋಲಿಯಲ್ಲೇ ಎಂದು.

"ತೋ?"

ಮುದುಕ ನಕ್ಕ. ಮಗುವನ್ನು ಎತ್ತಿಕೊಳ್ಳುವಂತೆ ಸನ್ನೆ ಮಾಡಿ, ಸೀರೆಯ ಗಂಟನ್ನು ಎಳೆದು ನೋಡಿ, ಇದು ಸರಿಯಿಲ್ಲ, ಬೀಳುತ್ತದೆ ಎಂದು ತಲೆಯಾಡಿಸಿದ. "ಗಾಂಠ್ ಗಲತ್ ಹೈ. ಗಿರೇಗಾ." ಆಕೆಯ ಗಂಟನ್ನು ಬಿಚ್ಚಿ, ಕಂಬಿಗೆ ಎರಡು ಸುತ್ತು ಕೊಟ್ಟು, ತುದಿಯನ್ನು ಒಳಗೆ ಹಾಯಿಸಿ ಹಡಗಿನವರ ಗಂಟು ಹಾಕಿದ; ತಾನೇ ಅದಕ್ಕೆ ಜೋತುಬಿದ್ದು ಪರೀಕ್ಷಿಸಿದ. ಆಮೇಲೆ ಅವಳ ಕೈಯಿಂದ ಮೂರು ಸಲ ಬಿಚ್ಚಿಸಿ ಮೂರು ಸಲ ಕಟ್ಟಿಸಿದ. ಮೂರನೆಯ ಸಲ ತಪ್ಪಿಲ್ಲದೆ ಬಂತು.

"ಹಡಗಿನವನ ಕೈಯಲ್ಲಿ ಕಲಿಯುವ ಬಾಣಂತನ" ಎಂದರು ವಸಂತಿಯಮ್ಮ ಸಮುದ್ರದ ಕಡೆ ಮುಖ ಮಾಡಿ.

ಮಧ್ಯಾಹ್ನದವರೆಗೆ ನೀರು ತಟ್ಟೆಯ ಹಾಗಿತ್ತು. ವಾರಿಜಾ ಮಗುವಿಗೆ ಹಾಲು ಕುಡಿಸಿದಳು. ಥರ್ಮಾಸಿನ ಬಿಸಿನೀರಿನಲ್ಲಿ ಬಟ್ಟಲನ್ನು ತೊಳೆದು, ಬಟ್ಟೆಯಲ್ಲಿ ಸೋಸಿ ತಂದಿದ್ದ ರಾಗಿಹಿಟ್ಟನ್ನು ಕ್ಯಾಂಟೀನಿನ ಒಲೆಯಲ್ಲಿ ಬೇಯಿಸಿಕೊಂಡು ಬಂದು ಎರಡು ಚಮಚ ತಿನ್ನಿಸಿದಳು. ವಸಂತಿಯಮ್ಮ ಪ್ರತಿಯೊಂದು ಚಮಚವನ್ನೂ ಕಣ್ಣಿನಲ್ಲಿ ಹಿಂಬಾಲಿಸಿದರು. ಕೈಗಳನ್ನು ಮಾತ್ರ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದರು.

ಮೂರು ಗಂಟೆಯ ಹೊತ್ತಿಗೆ ವಾಯವ್ಯದ ಗಾಳಿ ಎದ್ದಿತು. ಹಡಗು ಬದಿಯಿಂದ ಬದಿಗೆ ಹೊರಳತೊಡಗಿತು. ಅರ್ಧ ಗಂಟೆಯಲ್ಲಿ ಡೆಕ್ಕಿನ ಅವಸ್ಥೆ ವರ್ಣಿಸುವಂಥದ್ದಾಗಿರಲಿಲ್ಲ. ಬೆಳಿಗ್ಗೆ ಜಾಗಕ್ಕಾಗಿ ಜಗಳವಾಡಿದವರು ಈಗ ಒಬ್ಬರ ಮೇಲೊಬ್ಬರು ಒರಗಿ ಓಕರಿಸುತ್ತಿದ್ದರು. ವಸಂತಿಯಮ್ಮ ಚಾದರದ ಮೇಲೆ ಮಡಿಸಿದ ಕೊಡೆಯಂತೆ ಬಿದ್ದರು. ನಾನೂ ಬಿದ್ದೆ. ತಲೆ ಸುತ್ತುವುದರ ಕಾರಣ ಗೊತ್ತಿರುವುದರಿಂದ ಸುತ್ತು ನಿಲ್ಲುವುದಿಲ್ಲ.

ಮಲಗಿದಲ್ಲಿಂದಲೇ ನಾನು ನೋಡಿದ್ದು ಇಷ್ಟು. ಹಡಗಿನ ಕಂಬ, ಕಟಕಟೆ, ತಾಡಪತ್ರಿ ಎಲ್ಲವೂ ಎಡಕ್ಕೆ ವಾಲಿ ಬಲಕ್ಕೆ ವಾಲುತ್ತಿದ್ದವು. ಜೋಲಿ ಮಾತ್ರ ತೂಗುಗುಂಡಿನಂತೆ ನೇರವಾಗಿ ಇಳಿಬಿದ್ದಿತ್ತು. ಜೋಲಿ ತೂಗುತ್ತಿರಲಿಲ್ಲ, ಹಡಗು ಅದರ ಸುತ್ತ ತೂಗುತ್ತಿತ್ತು. ಅದರೊಳಗೆ ಜಯಶೀಲ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಆ ಡೆಕ್ಕಿನಲ್ಲಿ ಹೊಟ್ಟೆಯಲ್ಲಿದ್ದದ್ದನ್ನು ಹೊಟ್ಟೆಯಲ್ಲೇ ಉಳಿಸಿಕೊಂಡ ಶಿಶು ಅವಳೊಬ್ಬಳೇ.

ಕಾಲ ಮೇಲೆ ನಿಂತಿದ್ದವರಲ್ಲಿ ವಾರಿಜಾ ಒಬ್ಬಳು. ಕಚ್ಚೆ ಕಟ್ಟಿದಂತೆ ಸೀರೆಯನ್ನು ಎತ್ತಿ ಸಿಕ್ಕಿಸಿ, ಅತ್ತೆಗೆ ಉಪ್ಪು ಹಚ್ಚಿದ ಲಿಂಬೆಹೋಳು ಕೊಟ್ಟಳು, ನನಗೆ ಕೊಟ್ಟಳು, ಬಕೆಟ್ಟಿನಲ್ಲಿ ನೀರು ತಂದು ನೆಲ ತೊಳೆದಳು. ಪಕ್ಕದ ಚಾದರದಲ್ಲಿದ್ದ ಕಲ್ಯಾಣದ ಅರಿವೆ ವ್ಯಾಪಾರಿಯೊಬ್ಬರ ಸೊಸೆ, ಬೆಳಗಾವಿ ಕಡೆಯ ಗಿರಿಜವ್ವ, ಮಡಿಲಲ್ಲಿ ಚೀರುತ್ತಿದ್ದ ಕೂಸಿನೊಂದಿಗೆ ಅರೆಜೀವವಾಗಿದ್ದಳು.

"ಯವ್ವಾ ತಂಗೀ, ನಿನ್ನ ಕೂಸು ಹೆಂಗ ಮಲಗೈತಿ ನೋಡ! ನನ್ನದು ಕರಳ ಹರಿಯೂ ಹಂಗ ಚೀರಾಕತ್ತೈತಿ. ನನಗೂ ಒಂದು ಜೋಲಿ ಕಟ್ಟಿ ಕೊಡ, ನಿನ್ನ ಪುಣ್ಯಾ."

ವಾರಿಜಾ ಕಟ್ಟಿಕೊಟ್ಟಳು, ಹಡಗಿನವರ ಗಂಟು ಹಾಕಿಯೇ. ಆ ಕೂಸು ಹತ್ತು ನಿಮಿಷದಲ್ಲಿ ಸುಮ್ಮನಾಯಿತು. ಅದನ್ನು ಮಲವಣದ ಒಬ್ಬಳು ನೋಡಿದಳು, ಅವಳಿಂದ ಇನ್ನೊಬ್ಬಳು. ಸೂರ್ಯ ಮುಳುಗುವ ಮೊದಲು ಕಂಬಿಗೆ ಐದು ಸೀರೆ ಇಳಿಬಿದ್ದಿದ್ದವು. ದಾರಿಯಲ್ಲಿ ಬಂದ ಖಲಾಸಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಕಪ್ತಾನನಿಗೆ ಏನು ಹೇಳಲಿ ಎಂದು ಕೇಳಿದ. "ಬೋಲೋ, ಪಾಂಚ್ ಖಲಾಸಿ ನಯಾ ಆಯಾ" ಎಂದಳು ವಾರಿಜಾ, ಜೋಲಿಗಳೊಳಗಿನ ಐದು ಹೊಸ ಖಲಾಸಿಗಳನ್ನು ತೋರಿಸಿ.

ಅಷ್ಟರಲ್ಲಿ ಜಯಶೀಲ ಎಚ್ಚರಗೊಂಡು ಕುಸುಕುಸು ಎಂದಳು. ವಸಂತಿಯಮ್ಮ ಮಲಗಿದಲ್ಲಿಂದಲೇ, ಕಣ್ಣು ಮುಚ್ಚಿಕೊಂಡೇ, ಅಭ್ಯಾಸಬಲದಿಂದ ಕೈ ಚಾಚಿ ಜೋಲಿಯ ಅಂಚು ಹಿಡಿದರು.

"ಅತ್ತೆ" ಎಂದಳು ವಾರಿಜಾ.

ಕೈ ಹಿಂದೆ ಹೋಯಿತು. "ಸೀರೆ ಮುಟ್ಟಿದ್ದು, ಮಗುವನ್ನಲ್ಲ. ಟೀಚರೇ, ನೀವೇ ಹೇಳಿ."

ನಾನು ಲಿಂಬೆಹೋಳನ್ನು ಬಾಯಿಗೆ ಒತ್ತಿಕೊಂಡೆ.

ಪಣಜಿಯಲ್ಲಿ ಮೂರು ರಾತ್ರಿ ಒಂದು ಸಣ್ಣ ಲಾಡ್ಜಿನಲ್ಲಿ ಉಳಿದೆವು. ಮನೆಮನೆಯ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಮಗು ಅವನ್ನು ನೋಡುತ್ತ ಹಾಲು ಕುಡಿಯಲು ಮರೆಯುತ್ತಿತ್ತು. ವಾರಿಜಾ ಗೋವೆಯಲ್ಲಿ ಏನು ನೋಡಿದಳೆಂದು ಕೇಳಿದರೆ ಹೇಳುವಂಥದ್ದು ಹೆಚ್ಚಿಲ್ಲ. ಮಿರಾಮಾರಿನ ಮರಳಿನಲ್ಲಿ ಮೂರು ಸಂಜೆಯೂ ಎರಡೆರಡು ತಾಸು ಕಾಲು ಚಾಚಿ, ಮಡಿಲಲ್ಲಿ ಮಗು ಇಟ್ಟುಕೊಂಡು, ಯಾವ ಕೆಲಸವನ್ನೂ ಮಾಡದೆ ಕುಳಿತಳು. ನಾನು ಆಗಲೇ ಅವಳನ್ನು ಏಳು ವರ್ಷದಿಂದ ಬಲ್ಲವಳಾಗಿದ್ದೆ. ಅವಳು ಕೆಲಸವಿಲ್ಲದೆ ಕುಳಿತದ್ದನ್ನು ಕಂಡದ್ದು ಅಲ್ಲೇ ಮೊದಲು. ಕೊನೆಯ ಸಂಜೆ ಮಗುವಿನ ಪಾದವನ್ನು ನೀರಿಗೆ ತಾಗಿಸಿದಳು. ಮಗು ಕಿಲಕಿಲ ಎಂದಿತು. "ಶೀತ, ಶೀತ" ಎಂದ ವಸಂತಿಯಮ್ಮ ತಾವೂ ಮೊಣಕಾಲಿನವರೆಗೆ ಸೀರೆ ಎತ್ತಿ ನೀರಿಗಿಳಿದರು.

ಹಿಂದಿರುಗುವಾಗ ಅದೇ ಸ್ಟೀಮರು. ಖಲಾಸಿ ನಮ್ಮ ಕಂಬಿಯ ಕೆಳಗೆ ತನ್ನ ಹರಕು ಕಂಬಳಿ ಹಾಸಿ ಜಾಗ ಹಿಡಿದಿಟ್ಟಿದ್ದ. ಸಮುದ್ರ ಶಾಂತವಾಗಿತ್ತು.

ಇಪ್ಪತ್ತೊಂಬತ್ತರ ಬೆಳಿಗ್ಗೆ ಡೊಂಬಿವಲಿಯಲ್ಲಿ ಇಳಿದಾಗ ಹತ್ತಕ್ಕೆ ಕಾಲು ಗಂಟೆ ಇತ್ತು. ಮನೆಗೆ ಹೋಗಿ ಆಮೇಲೆ ಬರೋಣವೆಂದೆ. ವಾರಿಜಾ ಒಪ್ಪಲಿಲ್ಲ. "ಈಗಲೇ ಆಗಲಿ ಟೀಚರ್. ಹೊತ್ತು ಸರಿ ಉಂಟು, ಹಾಲು ಕುಡಿಸಿಲ್ಲ." ಗಂಟುಮೂಟೆಗಳೊಂದಿಗೆ ನೇರವಾಗಿ ಹೋಟೆಲಿನ ಉಗ್ರಾಣಕ್ಕೆ ಹೋದೆವು. ರಮಾಕಾಂತ ಗಲ್ಲೆ ಬಿಟ್ಟು ಬಂದ. ಯಜ್ಞೇಶ್ವರ ಕೈಯ ಹಿಟ್ಟು ಒರೆಸಿಕೊಂಡ. ನಾನು ಹಸಿರು ಅಂಚಿನ ಟವೆಲನ್ನು ನನ್ನ ಚೀಲದಿಂದ ತೆಗೆದು ತಟ್ಟೆಗೆ ಹಾಸಿದೆ. ಬೇರೆ ಟವೆಲು ಬಂದರೆ ತೂಕ ಬದಲಾದೀತೆಂದು ಅದನ್ನು ಆರು ದಿನವೂ ಯಾರ ಕೈಗೂ ಕೊಟ್ಟಿರಲಿಲ್ಲ.

ವಾರಿಜಾ ಮಗುವನ್ನು ಬರಿಮೈ ಮಾಡಿ ಮಲಗಿಸಿದಳು. ಐದು ಕಿಲೋ, ಒಂದು ಕಿಲೋ, ಇನ್ನೂರು. ಕಲ್ಲಿನ ತಟ್ಟೆ ಕೆಳಗೆ ಹೋಗಿ ನೆಲಕ್ಕೆ ತಾಗಿತು. ಮಗು ಮೇಲೆ ಏರಿತು.

ಯಜ್ಞೇಶ್ವರ ಇನ್ನೂರರ ಕಲ್ಲು ತೆಗೆದು ನೂರರದನ್ನು ಇಟ್ಟ. ಮುಳ್ಳು ನಡುವೆ ನಿಂತಿತು.

ಆರು ಕಿಲೋ ನೂರು. ನೂರು ಗ್ರಾಮ್ ಕಡಿಮೆ.

ಹೊರಗೆ ಯಾರೋ ಎರಡು ಇಡ್ಲಿ ಎಂದು ಕೂಗಿದರು. ರಮಾಕಾಂತ ಜೇಬಿಗೆ ಕೈ ಹಾಕಿ, ಚಿಲ್ಲರೆ ತೆಗೆಯದೆ ಹಾಗೇ ನಿಂತ.

"ಇನ್ನೊಂದು ಸಲ ತೂಗಿ" ಎಂದಳು ವಾರಿಜಾ. ತೂಗಿದ. ಅಷ್ಟೇ ಬಂತು. ಅವಳು ಅಳಲಿಲ್ಲ. ತಟ್ಟೆಯಲ್ಲಿದ್ದ ಮಗುವಿನ ತೊಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ತನ್ನ ಕೈ ಹೇಳುತ್ತಿದ್ದದ್ದಕ್ಕೂ ತಕ್ಕಡಿ ಹೇಳುತ್ತಿದ್ದದ್ದಕ್ಕೂ ಎಲ್ಲಿ ತಾಳ ತಪ್ಪಿತೆಂದು ಹುಡುಕುವವಳಂತೆ.

ನಾನು ಪುಸ್ತಕದಲ್ಲಿ ಹಿಂದಿನ ಅಂಕಿಯನ್ನು ನೋಡಿದೆ. ಹೊತ್ತು ಸರಿ, ಟವೆಲು ಸರಿ, ತಕ್ಕಡಿ ಸರಿ. ತಪ್ಪು ನನಗೆ ಕಾಣಲಿಲ್ಲ. ಹದಿನೆಂಟು ವರ್ಷ ತೂಕದ ಪಾಠ ಮಾಡಿದ ನನಗೆ ಕಾಣಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಇಳಿದಿದೆ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

"ನಿಲ್ಲಿ ಟೀಚರೇ" ಎಂದರು ವಸಂತಿಯಮ್ಮ.

ಅವರು ಗೋಡೆಯ ಕಡೆ ತಿರುಗಿದರು. ಸೆರಗು ಸಡಿಲಿಸಿ, ಸೊಂಟದ ಒಳಗಂಟಿನಿಂದ ಕರವಸ್ತ್ರ ತೆಗೆದರು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಚ್ಚಿದರು. "ಆವತ್ತು ತೂಗುವಾಗ ಇದೆಲ್ಲ ಮೈಮೇಲಿತ್ತು" ಎಂದು ಉಡಿದಾರವನ್ನು ಮಗುವಿನ ಪಕ್ಕಕ್ಕೆ ಇಟ್ಟರು. ಒಂದು ಕಡಗ, ಇನ್ನೊಂದು ಕಡಗ. ಒಂದು ಗೆಜ್ಜೆ, ಇನ್ನೊಂದು ಗೆಜ್ಜೆ. ಪ್ರತಿಯೊಂದಕ್ಕೂ ಮಗುವಿನ ತಟ್ಟೆ ಒಂದಿಷ್ಟು ಇಳಿಯಿತು. ಕೊನೆಯ ಗೆಜ್ಜೆಗೆ ಪೂರ್ತಿ ಕೆಳಗೆ ಕುಳಿತಿತು.

ಯಜ್ಞೇಶ್ವರ ನೂರರದನ್ನು ತೆಗೆದು ಇನ್ನೂರರದನ್ನು ಇಟ್ಟ. ಸಾಲಲಿಲ್ಲ. ಹುಡುಕಾಡಿ, ಮೆಣಸಿನ ಡಬ್ಬಿಯ ಹಿಂದಿನಿಂದ ಐವತ್ತು ಗ್ರಾಮಿನದನ್ನು ತಂದು ಮೇಲಿಟ್ಟ. ಮುಳ್ಳು ನಿಂತಿತು.

"ಆರು ಕಿಲೋ ಇನ್ನೂರೈವತ್ತು!" ಅವನ ಕೂಗಿಗೆ ಗಿರಾಕಿಗಳು ತಟ್ಟೆ ಬಿಟ್ಟು ಎದ್ದರು. "ಏರಿದೆ! ಅಕ್ಕ, ಏರಿದೆ! ಎರಡು ಇಡ್ಲಿ ಯಾರದ್ದು, ಇವತ್ತು ಅವರಿಗೆ ವಡೆ ಫುಕಟ್!"

ರಮಾಕಾಂತ ಮೊದಲ ಸಲ ಬಾಯಿಬಿಟ್ಟು, "ವಡೆ ನನ್ನ ಲೆಕ್ಕಕ್ಕೆ ಹಾಕು" ಎಂದ.

ವಾರಿಜಾ ಅತ್ತೆಯನ್ನು ನೋಡುತ್ತಿದ್ದಳು. "ನೀವು ಸುಮ್ಮನಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅತ್ತೆ."

"ನನಗೆ ಗೊತ್ತಾಗ್ತಿತ್ತು. ಆರು ದಿವಸ ಸೊಂಟಕ್ಕೆ ಚುಚ್ಚಿದೆ ಅದು" ಎಂದರು ವಸಂತಿಯಮ್ಮ. "ಕಳ್ಳತೂಕದಲ್ಲಿ ಸಿಕ್ಕಿದ ಮಗುವನ್ನು ಕರೆದುಕೊಂಡು ಹೋಗಿ ನಾನೆಂತ ಮಾಡ್ಲಿ? ಅಷ್ಟು ಜನ ಕಾರಿಕೊಂಡು ಬಿದ್ದಿದ್ದಾಗ ನಿಂತವಳು ನೀನೊಬ್ಬಳೇ. ಅದನ್ನೂ ನೋಡಿದ್ದೇನೆ, ಕಣ್ಣು ಮುಚ್ಚಿಕೊಂಡಿದ್ದೆ ಅಂತ ತಿಳಿಬೇಡ." ಆಮೇಲೆ ನನ್ನ ಕಡೆ ತಿರುಗಿ, "ಆರು ದಿವಸ ಮುಗೀತಲ್ಲ?" ಎಂದು ಕೇಳಿದರು.

"ಮುಗದಾವ್ರಿ."

ಅವರು ಬಾಗಿ ಮಗುವನ್ನು ತಟ್ಟೆಯಿಂದ ಎತ್ತಿಕೊಂಡರು. ಹಗುರಾದ ತಟ್ಟೆ ಜೋರಾಗಿ ಮೇಲೆ ಹಾರಿ ಬಾಳೆಗೊನೆಗೆ ಬಡಿಯಿತು.

ಜನವರಿ ಒಂದು, ಸೋಮವಾರ. ಬೆಳಿಗ್ಗೆ ಏಳು ಗಂಟೆಗೆ ಚಂದ್ರಬಾಯಿಯ ಖೋಲಿಯಲ್ಲಿ ವಾರಿಜಾ ಸೂರಿನ ಕೊಂಡಿಗೆ ನೂಲಿನ ಸೀರೆ ಕಟ್ಟುತ್ತಿದ್ದಳು. ಕೆಲಸದ ಸೀರೆ ಉಟ್ಟಿದ್ದಳು, ಚೀಲ ಹೆಗಲಿಗೇರಿತ್ತು, ಏಳು ಇಪ್ಪತ್ತೊಂದರ ಲೋಕಲ್ ಹಿಡಿಯಬೇಕಿತ್ತು. ವಸಂತಿಯಮ್ಮನ ಎರಡು ಪೆಟ್ಟಿಗೆಗಳು ಬಾಗಿಲಲ್ಲಿದ್ದವು. ಖಾಲಿಯದರಲ್ಲಿ ಈಗ ಗೋವೆಯ ಗೋಡಂಬಿ ಇತ್ತು. ಬಸ್ಸು ಬೇಡ, ಪಣಜಿಯವರೆಗೆ ಸ್ಟೀಮರಿನಲ್ಲೇ ಹೋಗುತ್ತೇನೆಂದು ಹಟ ಹಿಡಿದು ಅವರು ಟಿಕೇಟು ಮಾಡಿಸಿದ್ದರು, ಮೇಲಿನ ಡೆಕ್ಕಿನದೇ. ರಮಾಕಾಂತ ಅವರನ್ನು ಧಕ್ಕೆಗೆ ಬಿಡಲು ಹೊರಗೆ ಕಾಯುತ್ತಿದ್ದ.

"ಬೇಗ ಆಗಲಿ ಅಂತ ನಿನ್ನ ಗಂಟು ಹಾಕ್ಬೇಡ" ಎಂದರು ವಸಂತಿಯಮ್ಮ, ಕುತ್ತಿಗೆ ಎತ್ತಿ ಕೊಂಡಿಯನ್ನು ನೋಡುತ್ತ. "ಆ ಹಡಗಿನವನದ್ದು ಹಾಕು. ಎರಡು ಸುತ್ತು, ತುದಿ ಒಳಗೆ."

ವಾರಿಜಾ ಬಿಚ್ಚಿ, ಎರಡು ಸುತ್ತು ಕೊಟ್ಟು, ತುದಿಯನ್ನು ಒಳಗೆ ಹಾಯಿಸಿ ಎಳೆದಳು. ಮಗುವನ್ನು ಮಲಗಿಸಿದಳು. ಆಮೇಲೆ ಸ್ಟೇಷನ್ನಿನ ಕಡೆ ಓಡಿದಳು.